ಬಿಡ್ ಮೀಮಾಂಸೆ: ಕನೆಕ್ಟ್ ಎಂಬ ಹವಿಸ್ಸು, ಕ್ಲೈಂಟ್ ಎಂಬ ದೇವತೆ

ಶಾಸ್ತ್ರದ ಅರ್ಧ ತಪ್ಪುಗಳು ಹೆಸರಿಡುವಾಗಲೇ ಆಗಿಹೋಗಿರುತ್ತವೆ. ಲೋಗೊ ಬಿಡಿಸುವವರು, ಕೋಡ್ ಬರೆಯುವವರು, ಅನುವಾದಕರು, ಲೆಕ್ಕಪತ್ರ ನೋಡುವವರು ಮನೆಯ ಮೂಲೆಯಲ್ಲಿ ಕೂತು ಕಡಲಾಚೆಯ ಕೆಲಸ ಹುಡುಕುವ ತಾಣಗಳಿಗೆ ಯಾರೋ 'ಮಾರುಕಟ್ಟೆ' ಎಂದು ಹೆಸರಿಟ್ಟರು. ಗೋಳು ಶುರುವಾದದ್ದು ಅಲ್ಲಿಂದ. ಮಾರುಕಟ್ಟೆ ಎಂದ ಮೇಲೆ ಏನಾದರೂ ಮಾರಾಟವಾಗಬೇಕು ಎಂಬ ಆಸೆ ಹುಟ್ಟುತ್ತದೆ. ಆಗದಿದ್ದರೆ ಫ್ರೀಲಾನ್ಸರು ಮೊದಲು ತಾಣವನ್ನು ಬೈಯುತ್ತಾನೆ, ಆಮೇಲೆ ತನ್ನನ್ನೇ ಬೈದುಕೊಳ್ಳುತ್ತಾನೆ. ಎರಡೂ ಅನಗತ್ಯ. 1999ರ ಈಲ್ಯಾನ್ಸ್‌ನಿಂದ ಹಿಡಿದು, 2003ರ ಓಡೆಸ್ಕ್, 2009ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಫ್ರೀಲಾನ್ಸರ್ ಡಾಟ್ ಕಾಮ್, 2010ರಲ್ಲಿ ಐದು ಡಾಲರಿಗೊಂದು ಕೆಲಸವೆಂದು ಬಂದ ಫೈವರ್ ಹಾದು, ಮೊದಲಿನವೆರಡು ಕೂಡಿ 2015ರಲ್ಲಿ ಅಪ್‌ವರ್ಕ್ ಎಂಬ ನಾಮ ತಳೆಯುವವರೆಗೆ ಇಲ್ಲಿ ಬೆಳೆದುಬಂದದ್ದು ವ್ಯಾಪಾರವಲ್ಲ, ಕರ್ಮಕಾಂಡ. ಇದನ್ನು ಅರಿಯಲು ಬೇಕಾದವನು ಆಡಮ್ ಸ್ಮಿತ್ ಅಲ್ಲ, ಮೀಮಾಂಸಾಸೂತ್ರಕಾರ ಜೈಮಿನಿ. ಈ ಪ್ರಬಂಧದ ವಾದ ಇಷ್ಟೇ. ಉಳಿದದ್ದೆಲ್ಲ ಪ್ರಮಾಣ ಮತ್ತು ಖಂಡನೆ.

ಮೊದಲು 'ಮಾರುಕಟ್ಟೆ' ಎಂಬ ಮತವನ್ನು ವಿಚಾರಿಸೋಣ. ಮಾರುಕಟ್ಟೆ ಎಂದರೇನೆಂದು ಕನ್ನಡನಾಡಿಗೆ ಯಾರೂ ಹೇಳಿಕೊಡಬೇಕಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೈತ ಗೂಡು ಸುರಿದು ಪಕ್ಕಕ್ಕೆ ನಿಲ್ಲುತ್ತಾನೆ. ರೀಲರುಗಳು ಬಂದು ಒಂದೆರಡು ಗೂಡನ್ನು ಎತ್ತಿ, ಒತ್ತಿ, ಅಲ್ಲಾಡಿಸಿ ನೋಡಿ ಸವಾಲು ಹಾಕುತ್ತಾರೆ. ಹಿಂದೆ ಕೂಗಿ ಹಾಕುತ್ತಿದ್ದುದನ್ನು ಈಗ ಮೊಬೈಲಿನಲ್ಲಿ ಒತ್ತುತ್ತಾರೆ, ಅಷ್ಟೇ ವ್ಯತ್ಯಾಸ. ಸವಾಲು ಹಾಕುವವನು ಕೊಳ್ಳುವವನು, ಬೆಲೆ ಹೋಗುವ ದಿಕ್ಕು ಮೇಲಕ್ಕೆ. ನಮ್ಮ ತಾಣದಲ್ಲಾದರೋ ಸವಾಲು ಹಾಕುವುದು ಸ್ವತಃ ಗೂಡು. ಗೂಡೇ ಬಾಯಿಬಿಟ್ಟು ತನ್ನ ಎಳೆಯ ಉದ್ದವನ್ನು ವರ್ಣಿಸಿಕೊಂಡು ಬೆಲೆ ಇಳಿಸುತ್ತದೆ. ಪಕ್ಕದ ಗೂಡು ಇನ್ನಷ್ಟು ಇಳಿಸಿ, ಮೇಲೆ ಒಂದು ನಗುಮುಖದ ಚಿತ್ರವನ್ನೂ ಅಂಟಿಸುತ್ತದೆ. ಸರ್ಕಾರಿ ಟೆಂಡರಿನಲ್ಲೂ ಬೆಲೆ ಇಳಿಯುತ್ತದಲ್ಲ ಎಂದರೆ, ಸರಿ, ಆದರೆ ಟೆಂಡರಿಗೆ ಕಟ್ಟಿದ ಇಎಂಡಿ ಎಂಬ ಠೇವಣಿ ಕೆಲಸ ಸಿಗದವರಿಗೆ ವಾಪಸು ಬರುತ್ತದೆ. (ತಡವಾಗಿ ಬರುತ್ತದೆ ಎಂಬುದು ಬೇರೆ ಶಾಸ್ತ್ರದ ವಿಷಯ.) ಇನ್ನು ಗುಪ್ತ ಸವಾಲಿನ ಮಾತು. ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯಲ್ಲಿ ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಹೇಳುತ್ತಾನೆ. ಅಕ್ಕಪಕ್ಕದವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ. ಗುಟ್ಟಿನ ವ್ಯವಹಾರವೇ ಆದರೂ ಟವೆಲ್ಲಿನೊಳಗೆ ಎರಡು ಕೈಗಳಿವೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ತಾಣದಲ್ಲಿ ಟವೆಲ್ಲು ಖಂಡಿತ ಇದೆ. ಆ ಕಡೆಯ ಕೈಯ ಬಗ್ಗೆ ಹಾಗೆ ಹೇಳಲಾಗದು.

ಹಾಗಾದರೆ ಇದು ಏನು? ದೇವತೆಯೊಬ್ಬನನ್ನು ಉದ್ದೇಶಿಸಿ ದ್ರವ್ಯವೊಂದನ್ನು ತ್ಯಾಗ ಮಾಡುವುದೇ ಯಾಗ ಎಂಬುದು ಕರ್ಮಕಾಂಡಿಗಳ ಲಕ್ಷಣ. ದ್ರವ್ಯ, ದೇವತೆ, ತ್ಯಾಗ ಮೂರೂ ನಮ್ಮ ತಾಣದಲ್ಲಿ ನಿಸ್ಸಂದಿಗ್ಧವಾಗಿ ಸಿಗುತ್ತವೆ. ದ್ರವ್ಯದ ಹೆಸರು ಕನೆಕ್ಟ್, ಪ್ರೊಪೋಸಲ್ ಎಂಬ ಕೆಲಸದ ಅರ್ಜಿ ಸಲ್ಲಿಸಲು ತೆರುವ ಬಿಲ್ಲೆ. 2019ರಲ್ಲಿ ಅಪ್‌ವರ್ಕ್ ಇದಕ್ಕೆ ತಲಾ 15 ಸೆಂಟ್ ಬೆಲೆ ಕಟ್ಟಿತು. ಆಗ ಒಂದು ಪ್ರೊಪೋಸಲ್ಲಿಗೆ 1ರಿಂದ 6 ಕನೆಕ್ಟ್ ಸಾಕಾಗುತ್ತಿತ್ತು. ಈಗ ಹತ್ತು ದಾಟಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅದೂ ಸಾಲದೆ, ಪ್ರೊಪೋಸಲ್ ಪಟ್ಟಿಯ ಮೇಲ್ತುದಿಯಲ್ಲಿ ಕಾಣಿಸಿಕೊಳ್ಳಲು ಇನ್ನಷ್ಟು ಕನೆಕ್ಟ್ ಸುರಿಯುವ 'ಬೂಸ್ಟ್' ಎಂಬ ಹರಾಜಿನೊಳಗಿನ ಹರಾಜೊಂದಿದೆ; ಶ್ರೌತಿಗಳು ಇದನ್ನು ಪ್ರಧಾನಯಾಗದ ಅಂಗವೆಂದು ಕೂಡಲೇ ಗುರುತಿಸುತ್ತಾರೆ. ತ್ಯಾಗವೂ ಶುದ್ಧವಾದದ್ದು. ಸಲ್ಲಿಸಿದ ಮೇಲೆ 'ನ ಮಮ', ನನ್ನದಲ್ಲ. ಯಾರದು ಎಂಬ ಪ್ರಶ್ನೆಗೆ ಕಂಪನಿಯ ತ್ರೈಮಾಸಿಕ ವರದಿಯಲ್ಲಿ ಉತ್ತರವಿದೆ.

ವಿಷಯ ರಸವತ್ತಾಗುವುದು ದೇವತೆಯ ಬಳಿಗೆ ಬಂದಾಗ. ದೇವತೆಗೆ ಮೈಯಿಲ್ಲ, ಅದು ಹವಿಸ್ಸನ್ನು ತಿನ್ನುವುದಿಲ್ಲ, ಮೆಚ್ಚಿ ಫಲ ಕೊಡುವುದೂ ಇಲ್ಲ ಎಂದು ಶಬರಸ್ವಾಮಿ ಜೈಮಿನಿಯ ಸೂತ್ರಗಳಿಗೆ ಬರೆದ ಭಾಷ್ಯದಲ್ಲಿ ಸಾಧಿಸಿದ್ದಾನೆ. 'ಇಂದ್ರನಿಗೆ', 'ಅಗ್ನಿಗೆ' ಎಂಬ ಚತುರ್ಥೀ ವಿಭಕ್ತಿಯ ಪದವೊಂದಿದ್ದರೆ ಯಾಗಕ್ಕೆ ಸಾಕು. ಶತಮಾನಗಳ ಕಾಲ ವೇದಾಂತಿಗಳು ಈ ಮಾತಿಗೆ ಮುನಿಸಿಕೊಂಡಿದ್ದರು. ಇಂದು 'ಡಿಯರ್ ಹೈರಿಂಗ್ ಮ್ಯಾನೇಜರ್' ಎಂದು ಪ್ರೊಪೋಸಲ್ ಆರಂಭಿಸುವ ಯಾವ ಫ್ರೀಲಾನ್ಸರಿಗೂ ಅದರಲ್ಲಿ ಆಕ್ಷೇಪಿಸುವಂಥದ್ದು ಕಾಣದು. ಹೆಸರಿಲ್ಲ, ಮುಖವಿಲ್ಲ, ಚತುರ್ಥೀ ವಿಭಕ್ತಿ ಮಾತ್ರ ಇದೆ. ಜಾಹೀರಾತಿನ ಕೆಳಗೆ ಪ್ರೊಪೋಸಲ್ 50ಕ್ಕಿಂತ ಹೆಚ್ಚು, ಸಂದರ್ಶನ 0, ಕ್ಲೈಂಟ್ ಕೊನೆಯದಾಗಿ ನೋಡಿದ್ದು ಇಷ್ಟು ದಿನದ ಹಿಂದೆ ಎಂಬ ಶಕುನಗಳು ಕಾಣುತ್ತವೆ. 'ಪೇಮೆಂಟ್ ವೆರಿಫೈಡ್' ಎಂಬ ಗುರುತು ಇದ್ದರೆ ಪ್ರಾಣಪ್ರತಿಷ್ಠೆ ಆಗಿದೆ ಎಂದರ್ಥ. ಪ್ರಾಣ ಇದೆ ಎಂದಲ್ಲ. ಮಂತ್ರಭಾಗವೂ ಲೋಪವಿಲ್ಲದೆ ನಡೆದುಬಂದಿದೆ. ಜಾಹೀರಾತನ್ನು ಪೂರ್ತಿ ಓದಿದ್ದೀರಿ ಎಂದು ತೋರಿಸಲು ಪ್ರೊಪೋಸಲ್ಲನ್ನು 'ನೀಲಿ ಆನೆ' ಎಂದೋ 'ಅನಾನಸ್' ಎಂದೋ ಆರಂಭಿಸಿ ಎಂದು ಕ್ಲೈಂಟುಗಳು ನಡುವೆಲ್ಲೋ ಬಚ್ಚಿಟ್ಟು ಕೇಳುವುದುಂಟು. ಮಂತ್ರಗಳಿಗೆ ಅರ್ಥವೇ ಇಲ್ಲ ಎಂದು ವಾದಿಸಿದ ಕೌತ್ಸನೆಂಬವನನ್ನು ಯಾಸ್ಕ ತನ್ನ ನಿರುಕ್ತದಲ್ಲಿ ಎದುರು ಹಾಕಿಕೊಂಡಿದ್ದಾನೆ. ಟ್ಯಾಕ್ಸ್ ರಿಟರ್ನ್ ಕೆಲಸಕ್ಕೆ 'ನೀಲಿ ಆನೆ' ಎಂದು ಅರ್ಜಿ ಬರೆಯುವವರನ್ನು ನೋಡಿದ್ದರೆ ಯಾಸ್ಕ ಅಷ್ಟು ಖಾರವಾಗಿ ಉತ್ತರಿಸುತ್ತಿರಲಿಲ್ಲವೇನೋ.

ಯಾಗ ಇಂದು ಮುಗಿಯುತ್ತದೆ, ಸ್ವರ್ಗ ಎಂದೋ ಸಿಗುತ್ತದೆ. ನಡುವೆ ಫಲವನ್ನು ಹೊತ್ತು ತರುವುದು ಯಾವುದು? ಮೀಮಾಂಸಕರು ಇದಕ್ಕೆ ಅಪೂರ್ವ ಎಂದರು. ಕಣ್ಣಿಗೆ ಕಾಣದ್ದರಿಂದ ಅದೃಷ್ಟವೆಂಬ ಹೆಸರೂ ಉಂಟು. ಅಪ್‌ವರ್ಕಿನಲ್ಲಿ ಇದಕ್ಕೆ ಶೇಕಡಾವಾರು ಅಂಕಿಯೊಂದಿದೆ, ಜಾಬ್ ಸಕ್ಸೆಸ್ ಸ್ಕೋರ್. ಕೆಲಸ ಮುಗಿದ ಮೇಲೆ ಕ್ಲೈಂಟ್ ಎಲ್ಲರೆದುರು ಐದು ನಕ್ಷತ್ರ ಕೊಟ್ಟು, ಬೇರೆಯಾಗಿ ತಾಣದ ಕಿವಿಯಲ್ಲಿ ಮಾತ್ರ ಇನ್ನೊಂದು ಅಭಿಪ್ರಾಯ ಹೇಳಬಹುದು. ಈ ಎರಡನೆಯದು ಫ್ರೀಲಾನ್ಸರಿಗೆ ಕಾಣುವುದಿಲ್ಲ, ಆದರೆ ಸ್ಕೋರಿನಲ್ಲಿ ಸೇರುತ್ತದೆ. ಎಲ್ಲೆಡೆ ಐದು ನಕ್ಷತ್ರ ಹೊಳೆಯುತ್ತಿರುವಾಗ ಅಂಕಿ ಮಾತ್ರ ಇಳಿಯುವ ವಿಸ್ಮಯವನ್ನು ಅರ್ಥಶಾಸ್ತ್ರ ವಿವರಿಸಲಾರದು, ಅದೃಷ್ಟವಾದ ಒಂದೇ ವಾಕ್ಯದಲ್ಲಿ ವಿವರಿಸುತ್ತದೆ. ನಿತ್ಯಕರ್ಮಕ್ಕೂ ವ್ಯವಸ್ಥೆಯಿದೆ: ಗಂಟೆ ಲೆಕ್ಕದ ಕೆಲಸದಲ್ಲಿ ತಂತ್ರಾಂಶ ಸುಮಾರು ಹತ್ತು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ತೆಗೆದು, ಕೀಲಿ ಒತ್ತಿದ್ದನ್ನೂ ಎಣಿಸುತ್ತದೆ. ಸಂಧ್ಯಾವಂದನೆ ದಿನಕ್ಕೆ ಮೂರೇ ಹೊತ್ತು ಎಂದು ವಿಧಿಸಿದ ಋಷಿಗಳು ಮೃದು ಸ್ವಭಾವದವರು.

ಇನ್ನು ಪೂರ್ವಪಕ್ಷಗಳು. ಅರ್ಥಶಾಸ್ತ್ರಜ್ಞ ಹೇಳುತ್ತಾನೆ: ಇದರಲ್ಲಿ ದೇವರು ದಿಂಡರು ಏನಿಲ್ಲ, ಗೆದ್ದವನೂ ಸೋತವನೂ ದುಡ್ಡು ಕಟ್ಟುವ ಒಂದು ಬಗೆಯ ಹರಾಜು ಇದು, ಮಾರ್ಟಿನ್ ಶುಬಿಕ್ 1971ರಲ್ಲೇ ಇದರ ತಮ್ಮನಂಥ ಆಟವೊಂದನ್ನು ವಿವರಿಸಿದ್ದಾನೆ. ಒಂದು ಡಾಲರ್ ನೋಟನ್ನು ಹರಾಜಿಗಿಡುವುದು; ಹೆಚ್ಚು ಕೂಗಿದವನಿಗೆ ನೋಟು, ಆದರೆ ಎರಡನೆಯವನೂ ತಾನು ಕೂಗಿದಷ್ಟನ್ನು ಕಟ್ಟಬೇಕು. ಕಟ್ಟಿದ್ದು ದಂಡವಾಗಬಾರದೆಂದು ಇಬ್ಬರೂ ಏರಿಸುತ್ತ ಹೋಗಿ, ಒಂದು ಡಾಲರಿಗೆ ಅದಕ್ಕಿಂತ ಹೆಚ್ಚು ಕೊಡುವ ಸ್ಥಿತಿಗೆ ಬರುತ್ತಾರೆ. ಅಂಗರಚನೆಯನ್ನು ಈತ ಸರಿಯಾಗಿ ಕಂಡಿದ್ದಾನೆ, ಒಪ್ಪೋಣ. ಲೆಕ್ಕವನ್ನೂ ಅವನ ಲೇಖನಿಯಿಂದಲೇ ಮಾಡೋಣ: ಹತ್ತು ಕನೆಕ್ಟಿನ ಒಂದು ಪ್ರೊಪೋಸಲ್ಲಿಗೆ ಒಂದೂವರೆ ಡಾಲರ್, ಇಪ್ಪತ್ತು ಪ್ರೊಪೋಸಲ್ಲಿಗೆ ಒಂದು ಕೆಲಸ ಸಿಕ್ಕಿತೆಂದುಕೊಂಡರೆ ಮೂವತ್ತು, ಕೆಲಸ ನೂರು ಡಾಲರಿನದಾಗಿ ಕಮಿಷನ್ ಶೇಕಡಾ 10 ಆದರೆ, ಅದೂ ಹೋಗಿ, ಕೈಗೆ ಬರುವುದು ಅರವತ್ತು, ಡಾಲರನ್ನು ರೂಪಾಯಿ ಮಾಡುವವನು ತನ್ನ ಪಾಲು ಮುರಿದುಕೊಳ್ಳುವ ಮೊದಲು. ಆದರೆ ಶುಬಿಕ್‌ನ ಆಟದಲ್ಲಿ ಆ ಒಂದು ಡಾಲರಿನ ನೋಟು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದೆ. ಯಾರನ್ನೂ ನೇಮಿಸದೆ ಮುಚ್ಚಿಹೋಗುವ ಜಾಹೀರಾತುಗಳ ಮೇಜಿನಲ್ಲಿ ನೋಟೇ ಇರಲಿಲ್ಲ. ಇಲ್ಲದ ನೋಟಿಗೆ ಜನ ಸವಾಲು ಹಾಕುತ್ತಾರೆ ಎಂಬುದು ಆಟದ ಸಿದ್ಧಾಂತದಿಂದ ಹೊರಗಿನ ಮಾತು. ಸ್ವರ್ಗಕ್ಕೆ ಹಾಕುತ್ತಾರೆ ಎಂಬುದು ಹಳೆಯ ಮಾತು.

ಎರಡನೆಯ ಪೂರ್ವಪಕ್ಷ ಯೂಟ್ಯೂಬಿನ ಗುರುಗಳದು. ತಾಣದಲ್ಲಿ ದೋಷವಿಲ್ಲ, ನಿಮ್ಮ ಪ್ರೊಪೋಸಲ್ ಸರಿಯಿಲ್ಲ; ಮೊದಲೆರಡು ಸಾಲಿನಲ್ಲೇ ಹಿಡಿಯಬೇಕು, ಪ್ರೊಫೈಲಿಗೆ ವಿಡಿಯೊ ಹಾಕಬೇಕು, ಜಾಹೀರಾತು ಬಿದ್ದ ಐದು ನಿಮಿಷದಲ್ಲಿ ಸಲ್ಲಿಸಬೇಕು ಎನ್ನುತ್ತಾರೆ. ಇದು ಆಕ್ಷೇಪವೇ ಅಲ್ಲ, ನಮ್ಮ ಪಕ್ಷದ ಸಾಕ್ಷ್ಯ. ಪುತ್ರಕಾಮೇಷ್ಟಿ ಮಾಡಿದರೂ ಮಗ ಹುಟ್ಟಲಿಲ್ಲವಲ್ಲ ಎಂದು ಕೇಳಿದವರಿಗೆ ನ್ಯಾಯಸೂತ್ರಗಳು ಕೊಟ್ಟ ಉತ್ತರ, ವಿಧಿ ಸುಳ್ಳಲ್ಲ, ಕರ್ಮದಲ್ಲೋ ಕರ್ತೃವಿನಲ್ಲೋ ಸಾಧನದಲ್ಲೋ ಕೊರತೆ ಇದ್ದಿರಬೇಕು ಎಂದು. ಪ್ರೊಪೋಸಲ್ಲಿನ ಒಕ್ಕಣೆ ಕರ್ಮ, ಪ್ರೊಫೈಲು ಕರ್ತೃ, ಇಂಟರ್ನೆಟ್ಟಿನ ವೇಗ ಸಾಧನ. ಗುರುಗಳ ಕೋರ್ಸಿಗೂ ನ್ಯಾಯಸೂತ್ರಕ್ಕೂ ಇರುವ ಭೇದ ಶುಲ್ಕದಲ್ಲಿ ಮಾತ್ರ. ಕೆಲವರಿಗೆ ನಿಜಕ್ಕೂ ಕೆಲಸ ಸಿಗುತ್ತದೆ, ಅದರಿಂದಲೇ ಮನೆ ಕಟ್ಟಿದವರೂ ಇದ್ದಾರೆ ಎಂಬುದನ್ನೂ ಇವರೇ ಮುಂದಿಡುತ್ತಾರೆ. ಇದ್ದಾರೆ, ಅಲ್ಲಗಳೆಯುವವರು ಯಾರು? ಮಳೆಗಾಗಿ ಮಾಡುವ ಕಾರೀರಿ ಎಂಬ ಇಷ್ಟಿಯೊಂದಿದೆ. ಅದನ್ನು ಮಾಡಿದ ಮೇಲೆ ಎಷ್ಟೋ ಸಲ ಮಳೆ ಬಂದಿರಲೇಬೇಕು, ಇಲ್ಲದಿದ್ದರೆ ಅದು ಇಷ್ಟು ಕಾಲ ಬಾಳುತ್ತಿರಲಿಲ್ಲ.

ಢಾಕಾದವರು, ಮನಿಲಾದವರು ಕಡಿಮೆಗೆ ಮಾಡಿ ದರ ಕೆಡಿಸಿದರು ಎಂಬುದು ಮೂರನೆಯದು. ಢಾಕಾದಲ್ಲಿ ಇದನ್ನೇ ನಮ್ಮವರ ಬಗ್ಗೆ ಹೇಳುವುದರಿಂದ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಅಲ್ಲದೆ ಅಗ್ಗದ ಬಿಡ್ ಗೆಲ್ಲುವುದಾಗಿದ್ದರೆ ಇದು ಮಾರುಕಟ್ಟೆಯಾದರೂ ಆಗುತ್ತಿತ್ತು. ತೀರಾ ಅಗ್ಗದವನಲ್ಲಿ ಐಬಿದೆ ಎಂದು ಕ್ಲೈಂಟ್ ಶಂಕಿಸುತ್ತಾನೆ, ತುಟ್ಟಿಯವನನ್ನು ತೆರೆದೇ ನೋಡುವುದಿಲ್ಲ.

ಕೃತಕ ಬುದ್ಧಿಮತ್ತೆ ಬಂದಿದೆ, ಇನ್ನು ಇದೆಲ್ಲ ಹಳತಾಯಿತು ಎಂಬ ಇತ್ತೀಚಿನ ಪಕ್ಷಕ್ಕೆ ಕೊಂಚ ಹೆಚ್ಚು ಗಮನ ಸಲ್ಲಬೇಕು. ಅಪ್‌ವರ್ಕ್ 2024ರಲ್ಲಿ ತನ್ನ ಕೃತಕ ಸಹಾಯಕಿಗೆ ಇಟ್ಟ ಹೆಸರು ಉಮಾ. ಇದು ಕಾಕತಾಳೀಯವೆಂದು ನಂಬುವಷ್ಟು ಸರಳರು ಪಂಡಿತರಲ್ಲಿ ಇರಲಾರರು. ಕೇನೋಪನಿಷತ್ತಿನಲ್ಲಿ ದೇವತೆಗಳು ತಮ್ಮ ಗೆಲುವಿಗೆ ತಾವೇ ಕಾರಣರೆಂದು ಬೀಗಿದಾಗ ಯಕ್ಷನೊಬ್ಬ ಎದುರು ನಿಲ್ಲುತ್ತಾನೆ. ಅವನಿಟ್ಟ ಹುಲ್ಲುಕಡ್ಡಿಯನ್ನು ಅಗ್ನಿ ಸುಡಲಾರ, ವಾಯು ಹಾರಿಸಲಾರ. ಇಂದ್ರ ಹೋದರೆ ಯಕ್ಷನೇ ಮಾಯ. ಆಗ ಕಾಣಿಸಿಕೊಂಡು ಅವನು ಯಾರೆಂದು ತಿಳಿಸುವವಳು ಉಮೆ. ಉತ್ತರಿಸದೆ ಮಾಯವಾಗುವ ಕ್ಲೈಂಟ್ ಯಾರೆಂದು ಈ ಕಾಲದ ಉಮಾ ಮಾತ್ರ ತಿಳಿಸುವುದಿಲ್ಲ. ಅವನಿಗೆ ಬರೆಯುವ ಪತ್ರವನ್ನು ಚೆಂದ ಮಾಡಿಕೊಡುತ್ತಾಳೆ. ಅತ್ತ ಕ್ಲೈಂಟಿನ ಜಾಹೀರಾತನ್ನೂ ಚೆಂದ ಮಾಡಿಕೊಡುತ್ತಾಳೆ. ದೇವತೆಗೆ ಮೈಯಿಲ್ಲ ಎಂಬಲ್ಲಿಗೆ ನಿಂತಿದ್ದ ಶಬರನನ್ನು ಮೀರಿ, ಹೋಮ ಮಾಡುವವನಿಗೂ ಮೈ ಬೇಕಿಲ್ಲ ಎಂಬ ಸ್ಥಿತಿಗೆ ಶಾಸ್ತ್ರ ಬಂದು ಮುಟ್ಟಿದೆ. ಕನೆಕ್ಟಿನ ದುಡ್ಡು ಮಾತ್ರ ಇನ್ನೂ ಮೈಯಿದ್ದವರ ಖಾತೆಯಿಂದಲೇ ಹೋಗಬೇಕು.

ಇಲ್ಲಿಗೆ ಬಹುಕಾಲದ ಶಬ್ದಾರ್ಥದ ಗೊಂದಲವೊಂದೂ ಪರಿಹಾರವಾಗುತ್ತದೆ. ಇಲ್ಲಿ ನಿಮಗೆ ನೀವೇ ಯಜಮಾನರು ಎಂದು ಇಂಥ ತಾಣಗಳು ಸಾರುವಾಗ ಕನ್ನಡಿಗರು ನಂಬಿ ಕೆಟ್ಟರು. ಕಾರಣ, ಕನ್ನಡದಲ್ಲಿ ಯಜಮಾನ ಎಂದರೆ ಧಣಿ. ಶ್ರೌತಪರಿಭಾಷೆಯಲ್ಲಿ ಯಜಮಾನ ಎಂದರೆ ಯಾಗದ ಖರ್ಚು ಹೊರುವವನು. ತಾಣ ಸುಳ್ಳಾಡಿರಲಿಲ್ಲ. ಅಪ್‌ವರ್ಕಿಗೆ ಸಲ್ಲುವ ದಕ್ಷಿಣೆಯ ವಿಧಿಗಳು ಕಾಲಕಾಲಕ್ಕೆ ಬದಲಾಗಿವೆ: 2016ರಿಂದ ಪ್ರತಿ ಕ್ಲೈಂಟಿನ ಮೊದಲ 500 ಡಾಲರಿಗೆ ಶೇಕಡಾ 20, ಅಲ್ಲಿಂದ ಹತ್ತು ಸಾವಿರದವರೆಗೆ 10, ಆಮೇಲೆ 5, 2023ರಲ್ಲಿ ಎಲ್ಲಕ್ಕೂ 10, 2025ರಿಂದ ಕೆಲಸ ನೋಡಿಕೊಂಡು ಸೊನ್ನೆಯಿಂದ 15ರವರೆಗೆ. ತಾಣವೆಂಬ ಪುರೋಹಿತನನ್ನು ಬಿಟ್ಟು ಕ್ಲೈಂಟಿನ ಜೊತೆ ನೇರ ವ್ಯವಹಾರಕ್ಕೆ 24 ತಿಂಗಳ ನಿಷೇಧವಿದೆ. ಭಕ್ತನಿಗೂ ದೇವರಿಗೂ ನಡುವೆ ದಲ್ಲಾಳಿ ಬೇಡ ಎಂದ ಹನ್ನೆರಡನೆಯ ಶತಮಾನದ ಶರಣರು ಈ ಷರತ್ತುಗಳ ಕೆಳಗಿನ 'ಒಪ್ಪಿದ್ದೇನೆ' ಗುಂಡಿಯನ್ನು ಒತ್ತುತ್ತಿದ್ದರೇ ಎಂಬುದು ಚರ್ಚಾರ್ಹ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದು, ಅವರಿಗೆ ಸಲ್ಲುವ ಹಣದ ಶೇಕಡಾ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯಲು ಹೊರಟಿತು. ಅದರ ಮಾತು ಬಂದಾಗ ಕಣ್ಣಮುಂದೆ ನಿಲ್ಲುವುದು ಬೈಕಿಗೆ ಪೆಟ್ಟಿಗೆ ಕಟ್ಟಿಕೊಂಡು ಓಡುವವನ ಚಿತ್ರ. ಹುಬ್ಬಳ್ಳಿಯ ಹಿತ್ತಲ ಕೋಣೆಯಲ್ಲಿ ಟೊರಾಂಟೊದ ಹಲ್ಲಿನ ಡಾಕ್ಟರಿಗೆ ವೆಬ್‌ಸೈಟ್ ಕಟ್ಟುತ್ತಿರುವವನದಲ್ಲ. ಯಜಮಾನನಿಗೆ ಪಿಎಫ್ ಕೊಟ್ಟ ನಿದರ್ಶನ ಯಾವ ಶ್ರೌತಸೂತ್ರದಲ್ಲೂ ಇಲ್ಲ.

ಉಳಿದ ಸಂಶಯ ಒಂದೇ. ಸಲ್ಲಿಸಿದ ಪ್ರೊಪೋಸಲ್ಲನ್ನು ಹಿಂತೆಗೆದುಕೊಳ್ಳಬಹುದೇ? ಬಹುದು, ಅದಕ್ಕೊಂದು ಗುಂಡಿಯಿದೆ. ಕನೆಕ್ಟ್ ಮರಳುವುದಿಲ್ಲ; ಕುಂಡಕ್ಕೆ ಸುರಿದ ತುಪ್ಪವನ್ನು ಬಳಿದುಕೊಳ್ಳುವ ವಿಧಿ ಇಲ್ಲ. ಬದಲಿಗೆ ಏಕೆ ಹಿಂತೆಗೆಯುತ್ತೀರಿ ಎಂದು ತಾಣವೇ ಕಾರಣಗಳ ಸಣ್ಣ ಪಟ್ಟಿಯೊಂದನ್ನು ತೆರೆದು, ಒಂದನ್ನು ಆರಿಸಿಕೊಳ್ಳಲು ಹೇಳುತ್ತದೆ. ಆ ಪಟ್ಟಿಯಲ್ಲಿ ಕ್ಲೈಂಟ್ ಉತ್ತರಿಸುತ್ತಿಲ್ಲ ಎಂಬುದೂ ಅಚ್ಚಾಗಿ, ಸಿದ್ಧವಾಗಿ ಕೂತಿದೆ. ದೇವತೆಗೆ ಬಾಯಿಲ್ಲ ಎಂಬ ಶಬರನ ಮತಕ್ಕೆ ಎದುರು ಪಕ್ಷದಿಂದಲೇ ಇಷ್ಟು ಸ್ಪಷ್ಟವಾದ ಒಪ್ಪಿಗೆ ಸಿಕ್ಕಿರುವಾಗ ಬೇರೆ ಪ್ರಮಾಣವನ್ನು ಹುಡುಕಿಕೊಂಡು ಹೋಗಬೇಕಾದ್ದಿಲ್ಲ.