ಹಗ್ಗದ ಇನ್ನೊಂದು ತುದಿ

ಮೂಲತಃ ಸೀರೆ, ಸದ್ಯ ಜೋಲಿ. ಹುಟ್ಟಿದ ಮನೆ ಸಿರುಗುಪ್ಪ, ಕುರುಗೋಡಿನಲ್ಲಿ ಬಹುಕಾಲದ ಸೇವೆ, ಈಗ ಬಳ್ಳಾರಿಯ ಬಾಡಿಗೆ ಮನೆಯೊಂದರ ಕಬ್ಬಿಣದ ಸ್ಟ್ಯಾಂಡಿಗೆ ನೇತುಬಿದ್ದಿದ್ದಾರೆ. ಪಕ್ಕದಲ್ಲೇ ಆನ್‌ಲೈನಿನಲ್ಲಿ ತರಿಸಿದ ಕರೆಂಟಿನ ತೊಟ್ಟಿಲು. ಅದರಲ್ಲಿ ಒಗೆದ ಬಟ್ಟೆಗಳು ಮಲಗಿವೆ. ಕೂಸು ಎಚ್ಚರವಾಗಿದ್ದರಿಂದ ಜೋಲಿಯವರಿಗೆ ಮಾತಿಗೆ ಬಿಡುವು ಸಿಕ್ಕಿತು.

ನಿಮ್ಮ ಅನುಭವ ದೊಡ್ಡದು. ಎಲ್ಲಿಂದ ಶುರು?

ಸಿರುಗುಪ್ಪದಾಗ ಭತ್ತದ ನಾಟಿ ಹೊತ್ತಿಗೆ ನನ್ನ ಬದುವಿನ ಬೇವಿನ ಗಿಡಕ್ಕೆ ಕಟ್ಟತಿದ್ರು ತಮ್ಮಾ. ಸಸಿ ಹೊತ್ತು ಹೋಗೋರು, ಬರೋರು ಎಲ್ಲಾ ಒಂದೊಂದು ಸಲ ತೂಗಿ ಹೋಗೋರು. ಕುರುಗೋಡಿನಾಗ ಮಾಳಿಗೆ ಮನಿ ತೊಲೆ. ಮುದುಕಿ, ಅತ್ತೆ, ನೆಗೆಣ್ಣಿ, ಹಗ್ಗಕ್ಕೆ ಪಾಳಿ ಇತ್ತು. ದೊಡ್ಡಬಸವೇಶ್ವರ ಗುಡಿಯಾಗಿನ ಕಲ್ಲು ಬಸವಣ್ಣ ಒಬ್ಬನ್ನ ಬಿಟ್ರೆ ಎಲ್ಲರೂ ಎಳದವರೇ.

ಬಳ್ಳಾರಿಯಲ್ಲಿ?

ಒಂದೇ ಒಂದು ಕಾಲಿನ ಹೆಬ್ಬೆರಳು. ಈ ಮನಿ ಹುಡುಗಿ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸ್ತಾಳೆ, ಪೀಸಿಗಿಷ್ಟು ಅಂತ ರೊಕ್ಕ. ಕೈ ಕತ್ತರಿಗೆ, ಹೆಬ್ಬೆರಳು ನನಗೆ.

ಕೂಸು ನಿದ್ದೆಯನ್ನೇ ಮಾಡುವುದಿಲ್ಲವಂತೆ?

ಯಾರಂದ್ರು? ಹುಟ್ಟಿದ ಕೂಸು ದಿನಕ್ಕೆ 14ರಿಂದ 17 ತಾಸು ಮಲಗತೈತೆ. ಒಂದೇ ಸಮ ಮಲಗಲ್ಲ, ಅಷ್ಟೇ. ಅಂಗೈಯಗಲ ಹೊಟ್ಟೆ, ಎರಡು ಮೂರು ತಾಸಿಗೊಮ್ಮೆ ಹಾಲು ಕೇಳತೈತೆ. ಹಗಲು ಯಾವುದು, ರಾತ್ರಿ ಯಾವುದು ಅನ್ನೋದು ಅದರ ಮೈಗೆ ಹತ್ತಬೇಕಂದ್ರೆ ಎರಡು ಮೂರು ತಿಂಗಳು ಬೇಕು. ನಿದ್ದೆಗೆಟ್ಟೋರು ದೊಡ್ಡೋರು, ಔಷಧಿ ಮಾತ್ರ ಕೂಸಿಗೆ.

ಯಾವ ಔಷಧಿ?

ಗ್ರೈಪ್ ವಾಟರ್. 1851ರಾಗ ಇಂಗ್ಲೆಂಡಿನಾಗ ಹುಟ್ಟಿದಾಗ ಅದರಾಗ ಮದ್ಯಸಾರ ಇತ್ತು. ಕೂಸು ಮಲಗದೆ ಏನು ಮಾಡೀತು! ಆಮೇಲೆ ಕುಲಾಯಿ. ಏಪ್ರಿಲ್ ಬಿಸಿಲು ನಲವತ್ತು ದಾಟಿರತೈತೆ, ಅಪ್ಪ ಬನಿಯನ್ನೂ ಬಿಚ್ಚಿ ಕೂಲರ್ ಮುಂದೆ ಕುಂತಿರತಾನೆ, ಕೂಸಿಗೆ ಮಾತ್ರ ಉಣ್ಣಿ ಕುಲಾಯಿ, ಸ್ವೆಟರು. ಅತ್ತರೆ, ‘ದೃಷ್ಟಿ ಆಗೇತಿ’.

ಮಕ್ಕಳ ಡಾಕ್ಟರರಿಗೆ ನಿಮ್ಮ ಮೇಲೂ ತಕರಾರಿದೆ. ಜೋಲಿಯಲ್ಲಿ ಕೂಸಿನ ಗದ್ದ ಎದೆಗೆ ಒತ್ತಿದರೆ ಉಸಿರಿಗೆ ಕಷ್ಟವಂತೆ.

(ಸ್ಟ್ಯಾಂಡ್ ಕಿರುಗುಟ್ಟುತ್ತದೆ.) ಅದು ಖರೇನೇ. ಮಟ್ಟಸವಾದ ಗಟ್ಟಿ ಹಾಸಿಗೆ, ಅಂಗಾತ ಮಲಗಿಸಬೇಕು, ದಿಂಬು ದುಪ್ಪಟಿ ಕೂಡದು. ಅಮೆರಿಕದಾಗ 1994ರಿಂದ ಹಂಗ ಸಾರಿ ಹೇಳಿದ ಮ್ಯಾಲೆ, ನಿದ್ದೆಯಾಗೇ ಹಠಾತ್ತಾಗಿ ಸಾಯೋ ಕೂಸುಗಳ ಲೆಕ್ಕ ಅರ್ಧಕ್ಕಿಳೀತು. ನಾನು ಕಣ್ಣೆದುರಿಗೆ ತೂಗೋಕೆ ಇರೋಳು, ರಾತ್ರಿಯೆಲ್ಲಾ ಒಬ್ಬಳೇ ಇಟ್ಕೊಳ್ಳೋಕಲ್ಲ.

ಜಪಾನಿನ ರೈಕೆನ್ ಸಂಸ್ಥೆಯವರು 2022ರಲ್ಲಿ ಉಪಾಯ ಹೇಳಿದ್ದಾರೆ: ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ನಡೆಯಿರಿ, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತಿರಿ, ಆಮೇಲೆ ಮಲಗಿಸಿ.

ಚಲೋ ಐತೆ. ನಡೆಯೋರು ಯಾರು ಅಂತ ಬರದಾರೇನು?

ಕರೆಂಟಿನ ತೊಟ್ಟಿಲು ತಾನೇ ತೂಗುತ್ತದಲ್ಲ?

ಇಲ್ಲೇ ಕುಡತಿನಿಯಾಗ 1,700 ಮೆಗಾವಾಟ್ ಸ್ಥಾವರ. ಆದ್ರೂ ರಾತ್ರಿ ಎರಡಕ್ಕೆ ನಮ್ಮ ಓಣಿಯಾಗ ಕರೆಂಟ್ ಹೋಗತೈತೆ, ಆ ತೊಟ್ಟಿಲು ಗಕ್ಕನೆ ನಿಲ್ಲತೈತೆ. ಕೂಸು ಕಣ್ಣು ತೆಗೀತೈತೆ. ಆವಾಗ ಮತ್ತೆ ನನ್ನ ನೆನಪು.

ಮೊಬೈಲಿನಲ್ಲಿ ಒಂದೇ ಸಮನೆ ‘ಹುಶ್’ ಅನ್ನುವ ಆ್ಯಪ್‌ಗಳಿವೆ…

ಸಿರುಗುಪ್ಪದ ರೈಸ್ ಮಿಲ್ಲು ಆ ಸದ್ದನ್ನ ಪುಕ್ಕಟೆ ಕೊಡತಿತ್ತು. ಸಂಗನಕಲ್ಲಿನ ಹತ್ರ ಕಪ್ಪಗಲ್ಲು ಗುಡ್ಡದಾಗ ಬಡಿದರೆ ಗಂಟೆಯಂಗ ನುಡಿಯೋ ಬಂಡೆ ಅದಾವು. ಹೊಸ ಶಿಲಾಯುಗದ ಮಂದಿ ಬಡೀತಿದ್ರು ಅಂತಾರೆ. ಅವರ ಕೂಸುಗಳು ಮಲಗಲಿಲ್ಲೇನು? ಈ ಮನ್ಯಾಗ ಅಪ್ಪನ ಗೊರಕೆಗೇ ಕೂಸು ಮಲಗತೈತೆ. ಆ ಗೊರಕೆ ನಿಂತ ದಿನ ಏಳತೈತೆ.

ಅಪ್ಪ ಎಂದಾದರೂ ಹಗ್ಗ ಹಿಡಿದದ್ದುಂಟೇ?

ಹೋದ ವಾರ ಹಿಡಿದಿದ್ದ, ಸೊಳ್ಳೆಪರದೆ ಕಟ್ಟೋಕೆ ನನ್ನಿಂದ ಬಿಚ್ಚಿಕೊಂಡ.

ದೂರ ಮಲಗುತ್ತಾರೇನೋ, ಕೈಗೆ ಸಿಗಲಿಕ್ಕಿಲ್ಲ.

ಮಂಚದ ತನಕ ಮುಟ್ಟತೈತೆ ತಮ್ಮಾ, ಇನ್ನೂ ಒಂದು ಗೇಣು ಮಿಕ್ಕತೈತೆ. ಬಂದ ದಿನಾನೇ ಅಳೆದು ನೋಡೀನಿ.