ಟೈರು ಹೊತ್ತು ಬರುವ ಸ್ವಯಂಸೇವಕರಿಗೆ ಊರ ಹಿರಿಯರದೊಂದು ಬಹಿರಂಗ ಪತ್ರ

ಮಾನ್ಯ ಸ್ವಯಂಸೇವಕ ಬಂಧುಗಳೇ,

ಬೆಂಗಳೂರಿನ ಶಾಲೆಗಳಲ್ಲಿ ನಡೆದಿರುವ ಕೆಲಸದ ಫೋಟೋಗಳು ನಮ್ಮೂರಿನ ವಾಟ್ಸಾಪ್ ಗುಂಪಿಗೂ ಬಂದು ತಲುಪಿವೆ. ಖರಗಪುರದ ಐಐಟಿಯಲ್ಲಿ ವಾಸ್ತುಶಿಲ್ಪ ಓದಿದ ಪೂಜಾ ರೈ ಅವರು ಆಂಟ್‌ಹಿಲ್ ಕ್ರಿಯೇಷನ್ಸ್ ಎಂಬ ಸಂಸ್ಥೆ ಕಟ್ಟಿ, ಸವೆದ ಟೈರುಗಳನ್ನು ತಂದು, ತೊಳೆದು, ಬಣ್ಣ ಬಳಿದು, ಜೋಕಾಲಿಯೋ ಏಣಿಯೋ ಮಾಡಿ ಮಕ್ಕಳಿಗೆ ಬಿಟ್ಟುಕೊಡುತ್ತಾರಂತೆ. ಆಫೀಸಿಗೆ ರಜೆ ಇದ್ದವರು ಬ್ರಷ್ ಹಿಡಿದು ಬಂದು ಸೇರಿಕೊಳ್ಳುತ್ತಾರಂತೆ. ದೇಶದಲ್ಲಿ ಹೀಗೆ ನೂರಾರು ಕಡೆ ಆಗಿದೆಯಂತೆ. ಬಹಳ ಸಂತೋಷ. ಈ ಗಾಳಿ ಇಂದಲ್ಲ ನಾಳೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಗೂ ಬೀಸದೇ ಇರುವುದಿಲ್ಲ. ಬರುವ ಮೊದಲು ನಮ್ಮ ಸೀಮೆಯ ರೀತಿ ರಿವಾಜು ನಿಮಗೆ ತಿಳಿದಿರಲಿ ಎಂದು ಊರ ಹಿರಿಯರೆಲ್ಲರ ಪರವಾಗಿ ಈ ಕಾಗದ ಬರೆಯುತ್ತಿದ್ದೇನೆ.

ನಮ್ಮನ್ನು ಮೈಗಳ್ಳರು ಎಂದುಕೊಂಡು ಮಾತ್ರ ಬರಬೇಡಿ. ಕೂಡಿ ದುಡಿಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಹೋಗಿ ಮರ ತಬ್ಬಿ ನಿಂತು ಅಪ್ಪಿಕೋ ಚಳವಳಿ ಹುಟ್ಟಿಸಿದ್ದು ಇದೇ ಶಿರಸಿ ತಾಲೂಕಿನಲ್ಲಿ. ಹೂಳು ತುಂಬಿದ ಕೆರೆಗಳನ್ನು ತೋಡಿಸಲು ಶಿರಸಿಯಲ್ಲಿ ಜೀವಜಲ ಕಾರ್ಯಪಡೆ ಹುಟ್ಟಿಕೊಂಡಿತು. ಮದುವೆ ಮನೆಗೆ ಚಪ್ಪರ ಹಾಕುವುದಿರಲಿ, ಹಳ್ಳಕ್ಕೆ ಕಾಲುಸಂಕ ಕಟ್ಟುವುದಿರಲಿ, ಯಕ್ಷಗಾನದ ಮೇಳ ಬಂತೆಂದರೆ ರಂಗಸ್ಥಳ ಎಬ್ಬಿಸುವುದಿರಲಿ, ಬೆಳಿಗ್ಗೆ ಕರೆದರೆ ಸಂಜೆಯೊಳಗೆ ಕೆಲಸ ಮುಗಿದಿರುತ್ತದೆ. ನಡುವೆ ಅವಲಕ್ಕಿ, ಕಷಾಯ, ಒಂದು ಕವಳ. ನಾವು ಕೂಡಿ ಕಟ್ಟದೆ ಬಿಟ್ಟಿರುವುದು ಮಕ್ಕಳು ಆಡುವ ಜಾಗ ಒಂದನ್ನೇ. ಅದಕ್ಕೆ ಕಾರಣವೂ ಇದೆ, ಮಕ್ಕಳು ಕೇಳಲಿಲ್ಲ. ಕೇಳಿದ್ದರೂ ಕೇಳಿರಬಹುದು, ನಾವು ಆಗ ಅಡಿಕೆ ದರದ ಮಾತಿನಲ್ಲಿದ್ದೆವು.

ಇನ್ನು ಜಾಗದ ವಿಚಾರ. ಇದು ಸ್ವಲ್ಪ ಸೂಕ್ಷ್ಮ. ಉತ್ತರ ಕನ್ನಡದ ನೂರಕ್ಕೆ ಎಂಬತ್ತರಷ್ಟು ನೆಲ ಕಾಡು ಎನ್ನುತ್ತಾರೆ. ಉಳಿದದ್ದರಲ್ಲಿ ತೋಟ, ಗದ್ದೆ, ಮನೆ, ರಸ್ತೆ, ದೇವಸ್ಥಾನ, ಸೊಸೈಟಿಯ ಗೋದಾಮು ಎಲ್ಲ ಹಿಡಿಸಬೇಕು. ಬ್ರಿಟಿಷರ ಕಾಲದಿಂದ ನಮಗೊಂದು ಸವಲತ್ತು ನಡೆದು ಬಂದಿದೆ: ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ. ಸೊಪ್ಪು ಕಡಿಯಲು, ದರಕು ಗುಡಿಸಲು, ಕರಡ ಕೊಯ್ಯಲು. ಅಡಿಕೆ ಮರದ ಬುಡ ತಂಪಾಗಿರಬೇಕಾದರೆ ಅಷ್ಟು ನೆಲ ಬೇಕು ಎಂಬುದು ಬಿಳಿಯ ಸಾಹೇಬರಿಗೂ ಅರ್ಥವಾಗಿತ್ತು. ಮಗುವೊಂದಕ್ಕೆ ಎಷ್ಟು ಗುಂಟೆ ಬೇಕು ಎಂದು ಯಾರೂ ಅರ್ಜಿ ಕೊಡಲಿಲ್ಲವಾಗಿ ಆ ಕಾಲಂ ಖಾಲಿ ಉಳಿದಿದೆ. ಈಗ ನೀವು ಬೆಟ್ಟದ ಅಂಚಿನಲ್ಲಿ ಒಂದಿಷ್ಟು ಸಮತಟ್ಟು ಜಾಗ ತೋರಿಸಿ ಇಲ್ಲಿ ಮಾಡೋಣವೇ ಎಂದು ಕೇಳಿ ನೋಡಿ, ಅಲ್ಲಿಯವರೆಗೆ ಸುಮ್ಮನಿದ್ದವರಿಗೆಲ್ಲ ಅರಣ್ಯ ಕಾಯ್ದೆ ಕಲಂ ಸಮೇತ ನೆನಪಾಗುತ್ತದೆ. ಅದೇ ಅಂಚಿನಲ್ಲಿ ಬೇಲಿ ವರ್ಷಕ್ಕೆರಡು ಮಾರು ಮುಂದೆ ಸರಿದು ಅದರ ಹಿಂದೆ ಅಡಿಕೆ ಸಸಿ ಎದ್ದಿರುವುದು ಬೇರೆ ಮಾತು. ಅದನ್ನು ಅತಿಕ್ರಮಣ ಎನ್ನಬಾರದು, ಬೇಲಿಗೆ ಕಾಲು ಬಂದಿದೆ ಅಷ್ಟೆ. ಪರಿಸರಕ್ಕೆ ಮಾರಕವಾದದ್ದು ಜೋಕಾಲಿ.

ಹಾಗಾಗಿ ಕೊನೆಗೆ ನಿಮ್ಮ ಪಾಲಿಗೆ ಉಳಿಯುವುದು ಶಾಲೆಯ ಅಂಗಳ. ಆಡುವುದು ಮಗುವಿನ ಹಕ್ಕು ಎಂದು 1989ರ ವಿಶ್ವಸಂಸ್ಥೆಯ ಒಡಂಬಡಿಕೆಯ 31ನೇ ವಿಧಿ ಹೇಳಿತು, 1992ರಲ್ಲಿ ಭಾರತ ಅದನ್ನು ಒಪ್ಪಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೊಂದು ಆಟದ ಮೈದಾನ ಬೇಕು ಎಂದು ಬರೆದಿದ್ದಾರೆ. ಆದ್ದರಿಂದ ಗುಡ್ಡದ ಓರೆಗೆ ಆತುಕೊಂಡಿರುವ ಶಾಲೆಯಲ್ಲೂ ಮೈದಾನ ಇದೆ, ಕಾಗದದಲ್ಲಿ. ಚೆಂಡು ಒಮ್ಮೆ ಗೆರೆ ದಾಟಿತೆಂದರೆ ಕೆಳಗಿನ ತೋಟದ ಕಾದಿಗೆಯಲ್ಲೇ ಸಿಗಬೇಕು. ತರಲು ಇಳಿದ ಹುಡುಗ ಬೈಸಿಕೊಂಡು ಬರುತ್ತಾನೆ, ಚೆಂಡು ಬರುವುದಿಲ್ಲ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅದರಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ನಮಗೆ ಆಡಲು ಜಾಗ ಬೇಕು ಎನ್ನುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಎಷ್ಟು ಚಂದ ಮಾತಾಡಿತು ಕೂಸು ಎಂದು ಆ ವಾರವೆಲ್ಲ ಹೊಗಳುತ್ತೇವೆ. ಬೇಡಿಕೆ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ. ಮುಂದಿನ ವರ್ಷ ಅವಳು ಬೇರೆ ಶಾಲೆಗೆ ಹೋಗಿರುವುದರಿಂದ ಬೇಡಿಕೆ ತಾನಾಗಿಯೇ ಇತ್ಯರ್ಥವಾಗುತ್ತದೆ.

ಕೆಲಸ ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲಿ ನಿಮಗೂ ನಮಗೂ ಭಿನ್ನಾಭಿಪ್ರಾಯ ಬರಬಹುದು. ನೀವು ಗುಂಡಿ ತೋಡುವುದರಿಂದ ಎನ್ನುತ್ತೀರಿ. ನಮ್ಮಲ್ಲಿ ಆಮಂತ್ರಣ ಪತ್ರಿಕೆಯಿಂದ. ಅಧ್ಯಕ್ಷತೆ, ಉದ್ಘಾಟನೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು, ಸರ್ವರಿಗೂ ಆದರದ ಸ್ವಾಗತ ಕೋರುವವರು. ಒಬ್ಬರ ಹೆಸರು ಬಿಟ್ಟುಹೋದರೆ ಊರಲ್ಲಿ ಎರಡು ಪಾರ್ಟಿ, ಹೆಸರು ಹಿಂದುಮುಂದಾದರೆ ಮೂರು. ಹೀಗಾಗಿ ಜಾರುಬಂಡಿಗಿಂತ ನಾಮಫಲಕ ಎತ್ತರವಾಗುವುದು ಅನಿವಾರ್ಯ. ಅದಕ್ಕೆ ಗ್ರಾನೈಟ್ ಬೇಕು. ಜಾರುಬಂಡಿಗೆ ಯಾವುದಾದರೂ ನಡೆದೀತು. ಉದ್ಘಾಟನೆಯ ದಿನ ಮಕ್ಕಳನ್ನು ಸಮವಸ್ತ್ರದಲ್ಲಿ ಸಾಲಾಗಿ ಕೂರಿಸಲಾಗುವುದು. ನಾವು ಸಣ್ಣವರಿದ್ದಾಗ ಮರಕೋತಿ ಆಡುತ್ತಿದ್ದೆವು, ಲಗೋರಿ ಆಡುತ್ತಿದ್ದೆವು, ಹೊಳೆಯಲ್ಲಿ ಈಜು ಬೀಳುತ್ತಿದ್ದೆವು, ಈಗಿನ ಮಕ್ಕಳಿಗೆ ಆ ಭಾಗ್ಯವಿಲ್ಲ ಎಂದು ಅತಿಥಿಗಳು ಮುಕ್ಕಾಲು ಗಂಟೆ ಮಾತಾಡುವರು. ಅಷ್ಟೂ ಹೊತ್ತು ಈಗಿನ ಮಕ್ಕಳು ಅಲುಗಾಡದಂತೆ ಮಾಸ್ತರರು ಕಣ್ಣಲ್ಲೇ ನೋಡಿಕೊಳ್ಳುವರು. ನಂತರ ಟೇಪು ಕತ್ತರಿಸಿ, ಮುಖ್ಯ ಅತಿಥಿಗಳು ಫೋಟೋಕ್ಕಾಗಿ ಜೋಕಾಲಿಯಲ್ಲಿ ಕೂರುವರು. ಸರಪಳಿ ಗಟ್ಟಿಯದೇ ತನ್ನಿ. ಮಕ್ಕಳ ತೂಕದ ಲೆಕ್ಕ ಹಾಕಿ ಮೋಸ ಹೋಗಬೇಡಿ.

ನಿಮ್ಮ ಟೈರಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ನಿಲ್ಲಿಸಿ ಹೂತ ಟೈರಿನ ಹೊಟ್ಟೆಯಲ್ಲಿ ಒಂದು ಬೊಗಸೆ ನೀರು ನಿಂತರೆ ಎಂಟು ಹತ್ತು ದಿನದಲ್ಲಿ ಸೊಳ್ಳೆ. 2024ರ ಡೆಂಗಿಯ ಹಾವಳಿ ಆದಮೇಲೆ ಆಶಾ ಕಾರ್ಯಕರ್ತೆಯರು ತೆಂಗಿನ ಕರಟವನ್ನೂ ಮಗುಚಿ ನೋಡುತ್ತಾರೆ, ನಿಮ್ಮ ಬಣ್ಣದ ಟೈರನ್ನು ಬಿಡುತ್ತಾರೆಯೇ? ಆದ್ದರಿಂದ ಕೆಳಗೆ ಬರುವ ಮಗ್ಗುಲಿಗೆ ಡ್ರಿಲ್ಲಿನಿಂದ ನಾಲ್ಕೈದು ತೂತು ಹೊಡೆದೇ ಹೂಳಿ. ಕೆಳಗೆ ಜಲ್ಲಿ ಹಾಕಿ, ಮೇಲೆ ಮರಳು. ಇಷ್ಟು ಹೇಳಿದ್ದು ಹಿರಿಯರ ಪರವಾಗಿ ಅಲ್ಲ, ನನ್ನ ಸ್ವಂತದ್ದು. ಅವರಿಗೆ ತಿಳಿಸಬೇಡಿ. ತೂತಿಲ್ಲದ ಟೈರು ತಂದರೆ ಸೊಳ್ಳೆಯ ನೆಪ ಹೇಳಿ ಮೊದಲ ಮಳೆಗೇ ತೆಗೆಸಬಹುದೆಂದು ಅವರು ಕಾದಿದ್ದಾರೆ.

ಮಕ್ಕಳು ಆಡುವುದೇ ಇಲ್ಲ ಎಂದು ನೀವು ಗೊಣಗುವ ಮೊದಲು ನಮ್ಮ ಕಷ್ಟವನ್ನೂ ಕೇಳಿ. ಬೆಟ್ಟಕ್ಕೆ ಕಳಿಸೋಣವೆಂದರೆ ಉಣುಗು. 2024ರ ಮೊದಲ ತಿಂಗಳುಗಳಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮಂಗನ ಕಾಯಿಲೆ ಎದ್ದದ್ದು ನೆನಪಿದೆಯಲ್ಲ, ಉಣುಗು ಕಚ್ಚಿ ಬರುವ ಅದು ಹೆದರಬೇಕಾದದ್ದೇ. ರಸ್ತೆಯಲ್ಲಿ ಗಾಡಿ. ತೋಟದಲ್ಲಿ ಮದ್ದು ಹೊಡೆದಿದೆ. ಅಂಗಳದಲ್ಲಿ ಅಡಿಕೆ ಹರಗಿದೆ, ಕಾಲಿಟ್ಟರೆ ಅಜ್ಜನ ಬಾಯಿ. ಕೊನೆಗೆ ಉಳಿದದ್ದು ಮೊಬೈಲು, ಅದರಲ್ಲಿ ಉಣುಗಿಲ್ಲ. ಮೊದಲು ಅಡಿಕೆ ಹಾಳೆ ಬಿದ್ದ ಸದ್ದಾದರೆ ಹುಡುಗರು ಓಡುತ್ತಿದ್ದರು. ಅಗಲದ ಕಡೆ ಒಬ್ಬ ಕಾಲು ಮಡಚಿ ಕೂರುವುದು, ಇನ್ನೊಬ್ಬ ಸೋಗೆಯ ತುದಿ ಹಿಡಿದು ದರದರ ಎಳೆಯುವುದು. ತಿರುವಿನಲ್ಲಿ ಇಬ್ಬರೂ ಉರುಳಿ, ಚಡ್ಡಿ ಹರಿದು, ಮತ್ತೆ ಯಾರು ಎಳೆಯಬೇಕೆಂಬ ಜಗಳ. ಈಗ ಹಾಳೆ ತಟ್ಟೆಯ ಕಾರ್ಖಾನೆಗೆ ಹೋಗುತ್ತದೆ. ದುಡ್ಡು ಬರುವ ವಾಹನವನ್ನು ಮಕ್ಕಳ ಕುಂಡೆಯಡಿ ಹಾಕಲು ನಮಗೇನು ತಲೆ ಕೆಟ್ಟಿದೆಯೇ?

ಮರ ಹತ್ತುವುದೂ ಹಾಗೆಯೇ. ಪೇರಲ ಮರದ ಎರಡನೇ ಟೊಂಗೆಗೆ ಹುಡುಗ ಕೈ ಹಾಕಿದರೆ ಸಾಕು, “ಮಾಣೀ, ಇಳಿಯೋ ಕೆಳಗೆ! ಬಿದ್ದು ಕೈ ಮುರ್ಕತ್ತೆ!” ಎಂದು ಒಳಗಿನಿಂದಲೇ ಕೂಗು. ಅದೇ ಹುಡುಗನಿಗೆ ಇಪ್ಪತ್ತೈದು ವರ್ಷವಾಗುವ ಹೊತ್ತಿಗೆ ಅಡಿಕೆ ಕೊನೆ ಕೊಯ್ಯುವವರು ಸಿಗುವುದಿಲ್ಲವೆಂದು ಸಭೆ ಸೇರುತ್ತೇವೆ. ಕೊನೆಗೌಡರ ಕೊರತೆಯ ಬಗ್ಗೆ ವಿಚಾರಗೋಷ್ಠಿ, ಯುವಕರಿಗೆ ಮರ ಹತ್ತುವ ತರಬೇತಿ ಶಿಬಿರ, ಊಟ ವಸತಿ ಉಚಿತ, ಕೊನೆಯಲ್ಲಿ ಪ್ರಮಾಣಪತ್ರ. ಹತ್ತುವುದೇ ಬೇಡವೆಂದು ಕಾರ್ಬನ್ ಫೈಬರ್ ದೋಟಿಗೂ ದುಡ್ಡು ಹಾಕುತ್ತೇವೆ. ಹತ್ತನೇ ವಯಸ್ಸಿನಲ್ಲಿ ಪುಕ್ಕಟೆ ಬರುವುದನ್ನು ತಪ್ಪಿಸಿ ಇಪ್ಪತ್ತೈದಕ್ಕೆ ಅನುದಾನದಲ್ಲಿ ಕಲಿಸುವ ಈ ಕ್ರಮ ನಿಮ್ಮ ಐಐಟಿಯಲ್ಲೂ ಇರಲಾರದು.

ಹೊರದೇಶದ ಉದಾಹರಣೆ ಕೊಟ್ಟು ನಮ್ಮನ್ನು ನಾಚಿಸಲು ನೋಡಬೇಡಿ. ನಮಗೂ ಗೊತ್ತಿದೆ. 1943ರಲ್ಲಿ, ಜರ್ಮನ್ ಸೈನ್ಯ ಊರೊಳಗೇ ಇದ್ದಾಗ, ಕೋಪನ್‌ಹೇಗನ್ನಿನ ಎಮ್‌ಡ್ರಪ್ಪಿನಲ್ಲಿ ಸೋರೆನ್‌ಸನ್ ಎಂಬ ಉದ್ಯಾನ ವಿನ್ಯಾಸಕಾರನ ಕಲ್ಪನೆಯಂತೆ ಒಂದು ಆಟದ ಜಾಗ ತೆರೆಯಿತು. ಹಲಗೆ, ಇಟ್ಟಿಗೆ, ಹಳೆ ಸಾಮಾನು ರಾಶಿ ಹಾಕಿ, ನೀವೇ ಕಟ್ಟಿಕೊಳ್ಳಿ, ನೀವೇ ಕೆಡವಿ ಎಂದು ಮಕ್ಕಳಿಗೆ ಬಿಟ್ಟರು. ಆಮ್‌ಸ್ಟರ್‌ಡ್ಯಾಮಿನಲ್ಲಿ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ ಮೂವತ್ತು ವರ್ಷ ಹಿಡಿದು, ಯುದ್ಧ ಮುಗಿದ ಊರಿನ ಖಾಲಿ ನಿವೇಶನ, ರಸ್ತೆಯ ಮೂಲೆಗಳಲ್ಲಿ ಏಳುನೂರರಷ್ಟು ಆಟದ ಜಾಗ ರೂಪಿಸಿದ. ಮರಳು ಗುಂಡಿ, ಹಾರಲು ಕಲ್ಲು, ನೇತಾಡಲು ಕಬ್ಬಿಣದ ಕಮಾನು. ಸುತ್ತ ಬೇಲಿ ಇಲ್ಲ. ಬೇಲಿ ಇಲ್ಲದ ಜಾಗ ನಮ್ಮಲ್ಲಿದ್ದರೆ ಮೊದಲ ದಿನ ದನ, ಎರಡನೇ ದಿನ ಮರಳಿನ ಲಾರಿ, ಮೂರನೇ ದಿನ ಯಾರದೋ ಹೆಸರಿನ ಪಹಣಿ. ಡಚ್ಚರಿಗೆ ಖಾಲಿ ಮೂಲೆ ಕಂಡರೆ ಮಕ್ಕಳು ಕಾಣುತ್ತಿದ್ದರು. ನಮ್ಮ ದೃಷ್ಟಿ ಅದಕ್ಕಿಂತ ದೂರದ್ದು, ನಮಗೆ ಅಲ್ಲಿ ಬಾಡಿಗೆ ಮಳಿಗೆ ಕಾಣುತ್ತದೆ.

ಅಷ್ಟಕ್ಕೂ ಮೈದಾನ ಬೇಕೆಂದು ಹೇಳಿದವರು ಯಾರು? 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಯಲ್ಲಾಪುರದ ಕಡೆಯ ಕಾಡಿನ ಕೇರಿಗಳಿಗೆ ಬಂದು ಸಿದ್ದಿ ಬುಡಕಟ್ಟಿನ ಮಕ್ಕಳನ್ನು ಆರಿಸಿ ಓಟ, ಜಿಗಿತದ ತರಬೇತಿಗೆ ಕರೆದೊಯ್ದರು. ಜಾರುಬಂಡಿ ಕಾಣದ ಆ ಮಕ್ಕಳು ರಾಷ್ಟ್ರಮಟ್ಟದವರೆಗೆ ಓಡಿದರು. 1993ರ ಹೊತ್ತಿಗೆ ಯೋಜನೆ ನಿಂತಿತು, ಮಕ್ಕಳು ಕೂಲಿಗೆ, ಗದ್ದೆಗೆ ಮರಳಿದರು. ಇದರಿಂದ ನಾವು ತೆಗೆದ ತೀರ್ಮಾನ: ಮೈದಾನವಿಲ್ಲದೆಯೂ ಪದಕ ಬರುತ್ತದೆ, ಆದ್ದರಿಂದ ಮೈದಾನ ದಂಡ. ಇನ್ನು ಜೋಕಾಲಿ, ತೊಟ್ಟಿಲಿನ ಆಸೆಯೇ? ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಬಿಡಕಿಬೈಲಿನ ಗದ್ದುಗೆ ಏರಿದಾಗ ಶಿರಸಿಗೆ ಆಕಾಶದೆತ್ತರದ ತೊಟ್ಟಿಲು ಬರುತ್ತದೆ. ಟಿಕೆಟ್ ತೆಗೆದು ಒಂದು ಸುತ್ತು ಹಾಕಿಸಿದರೆ ಮುಂದಿನ ಜಾತ್ರೆಯವರೆಗೆ ಮಗು ಉಸಿರೆತ್ತಬಾರದು.

ಇಷ್ಟಾದ ಮೇಲೂ ನೀವು ಬಂದು ಕಟ್ಟಿಯೇ ಕಟ್ಟುತ್ತೀರಿ ಎಂದಾದರೆ ಮುಂದಿನ ನಿರ್ವಹಣೆ ನಮಗೆ ಬಿಡಿ. ಗೇಟು ಇಡಿಸಿ, ಬೀಗ ನಾವು ಹಾಕುತ್ತೇವೆ. ಕೀಲಿಕೈ ಅಧ್ಯಕ್ಷರ ಮನೆಯಲ್ಲಿರುತ್ತದೆ, ಅಧ್ಯಕ್ಷರು ಶಿರಸಿಗೆ ಹೋಗಿರುತ್ತಾರೆ. ಸುಗ್ಗಿ ಮುಗಿದ ಮೇಲೆ ಯುವಕರ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ಅಲ್ಲೇ ನಡೆಯಬೇಕು, ಕಂಬ ಹುಗಿಯಲು ಅಡ್ಡ ಬರುವ ಟೈರುಗಳನ್ನು ತಾತ್ಕಾಲಿಕವಾಗಿ ಕಿತ್ತಿಡುತ್ತೇವೆ. ನಮ್ಮಲ್ಲಿ ತಾತ್ಕಾಲಿಕ ಎಂದರೆ ಏನೆಂದು ನಿಮಗೆ ಗೊತ್ತಿರಬೇಕು. ಒಂದು ಮೂಲೆಯಲ್ಲಿ ಹಿರಿಯರಿಗೆ ಓಪನ್ ಜಿಮ್ ಬೇಕೆಂಬ ಬೇಡಿಕೆಯೂ ಬಂದಿದೆ, ಅದಕ್ಕೆ ಅನುದಾನ ಬೇಗ ಬರುತ್ತದೆ; ಮತ ಇರುವವರ ಮೊಣಕಾಲಲ್ಲವೇ.

ಇಂತಿ ನಿಮ್ಮ ವಿಶ್ವಾಸಿ,
ಊರ ಹಿರಿಯರ ಪರವಾಗಿ, ಆಟದ ಮೈದಾನ ನಿರ್ಮಾಣ (ತಡೆ) ಸಮಿತಿಯ ಕಾರ್ಯದರ್ಶಿ

ತಾ.ಕ.: ಉದ್ಘಾಟನೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟುಕೊಳ್ಳೋಣ. ಬರುವಾಗ ನಿಮ್ಮ ಕಡೆಯಿಂದಲೇ ಹದಿನೈದಿಪ್ಪತ್ತು ಮಕ್ಕಳನ್ನು ಕರೆತಂದರೆ ಉಪಕಾರ. ನಮ್ಮೂರ ಮಕ್ಕಳಲ್ಲಿ ಅರ್ಧದಷ್ಟು ಬೆಂಗಳೂರಿನಲ್ಲಿವೆ, ಮೇ ತಿಂಗಳಲ್ಲೇ ಬರುವುದು. ಇಲ್ಲಿರುವವಕ್ಕೆ ಆ ಹೊತ್ತಿಗೆ ನವೋದಯ ಪರೀಕ್ಷೆಯ ಕೋಚಿಂಗ್ ಇದೆ.