‘ಮೆಡಲ್’ ಮೀಮಾಂಸೆ: ಸ್ಯಾಟಲೈಟ್ ಬಡಾವಣೆಯ ಶ್ರೋತೃಗಳನ್ನು ಕುರಿತು

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಗೆ ಹೆಸರು ಬಂದದ್ದು ಆಕಾಶದಿಂದಲ್ಲ, 1967ರಲ್ಲಿ ಜೋಧ್‌ಪುರ ಟೇಕ್ರಾದಲ್ಲಿ ತಲೆಯೆತ್ತಿದ ಉಪಗ್ರಹ ಭೂಕೇಂದ್ರದಿಂದ. ಅಲ್ಲಿನ ಮೂರನೇ ಮಹಡಿಯ ಕನ್ನಡ ಮನೆಯೊಂದರಲ್ಲಿ, ಭಾನುವಾರ ಊಟವಾದ ಮೇಲೆ, ಇಂಗ್ಲೆಂಡಿನ ಸೈಕೆಡೆಲಿಕ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 1971ರ ‘ಮೆಡಲ್’ ಎಲ್‌ಪಿಯನ್ನು ಹಾಕಿ ಶ್ರೋತೃಗಳ ಅನಿಸಿಕೆ ಸಂಗ್ರಹಿಸಲಾಯಿತು. ಶ್ರೋತೃಗಳು ನಾಲ್ವರು: ಪ್ರಬಂಧಕಾರನ ಹೆಂಡತಿ, ಮಗ, ರಾಯಚೂರು ಸೀಮೆಯಿಂದ ಬಂದಿದ್ದ ಅತ್ತೆ, ಮತ್ತು ಡಬ್ಬಿ ವಾಪಸು ಕೊಡಲು ಬಂದು ಸಿಕ್ಕಿಬಿದ್ದ ಎದುರುಮನೆಯ ಗುಜರಾತಿ ‘ಬೆನ್’, ಅಂದರೆ ಅಕ್ಕ. ಹಾಜರಾತಿ ನೂರಕ್ಕೆ ನೂರು. ಎಚ್ಚರದ ಲೆಕ್ಕ ಬೇರೆ.

ಸೈಕೆಡೆಲಿಕ್ ಎಂದರೆ ಗದ್ದಲ ಎಂಬುದು ಪೂರ್ವಪಕ್ಷ. ಮೊದಲ ಹಾಡಿನಲ್ಲಿ ಗಾಳಿ ಬೀಸಿ, ಎರಡು ಬೇಸ್ ಗಿಟಾರುಗಳು ಗುದ್ದಾಡಿ, ಪೂರ್ವಪಕ್ಷವೇ ಗೆಲ್ಲುವ ಹಾಗಿತ್ತು. ಎರಡನೆಯದು ‘ಎ ಪಿಲ್ಲೋ ಆಫ್ ವಿಂಡ್ಸ್’. ಹೆಸರಲ್ಲೇ ದಿಂಬು. ಅತ್ತೆ ಅದಕ್ಕೆ ತಲೆಕೊಟ್ಟರು. ಇಲ್ಲಿಗೆ ಆಲ್ಬಮ್ ಸೌಮ್ಯವೆಂಬ ಸಿದ್ಧಾಂತ ಸ್ಥಾಪಿತವಾಯಿತು.

ರಕ್ಷಾಪುಟದ ವಿಷಯದಲ್ಲಿ ಮಾತ್ರ ವಿದ್ವಾಂಸರು ಒಮ್ಮತಕ್ಕೆ ಬರಲಿಲ್ಲ. ಅದು ನೀರೊಳಗಿನ ಕಿವಿ. ಹೆಂಡತಿ ಪತ್ರೊಡೆ ಎಂದಳು, ಮಗ ಕಪ್ಪೆಚಿಪ್ಪು ಎಂದ. ಪ್ರಾಸಂಗಿಕವಾಗಿ ಒಂದು ಮಾತು: ಇದೇ ಊರಿನ ಪಾಲ್ಡಿಯ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ 1969ರಲ್ಲೇ ಮೂಗ್ ಸಿಂಥಸೈಜರ್ ಕೂರಿಸಿದ್ದ. ಗೀತಾ ಸಾರಾಭಾಯಿ ಮೊದಲಾದವರ ಪ್ರಯೋಗಗಳು ತುಂಬಿದ ಅಲ್ಲಿನ ಟೇಪುಗಳು ದಶಕಗಟ್ಟಲೆ ಮಲಗಿದ್ದು 2023ರಲ್ಲಿ ಆಲ್ಬಮಾಗಿ ಹೊರಬಂದವು. ಅಂದರೆ ಈ ಊರಿಗೆ ಮೂಗು ಮೊದಲು ಬಂತು, ಕಿವಿ ಆಮೇಲೆ.

‘ಸೀಮಸ್’ ಎಂಬ ಹಾಡಿನಲ್ಲಿ ನಿಜವಾದ ನಾಯಿಯೊಂದು ಊಳಿಡುತ್ತದೆ. ಗಾಯಕ ಸ್ಟೀವ್ ಮ್ಯಾರಿಯಟ್‌ನ ನಾಯಿ. ತಂಡದ ಗಿಟಾರ್‌ವಾದಕ ಗಿಲ್ಮೋರ್ ಅದನ್ನು ನೋಡಿಕೊಳ್ಳುತ್ತಿದ್ದ. ಮನೆಯೊಳಗಿನವರಿಗೆ ರುಚಿಸಲಿಲ್ಲ. ಕೆಳಗೆ ಪಾರ್ಕಿಂಗಿನಲ್ಲಿ ಮಲಗಿದ್ದ ಮೂರು ಶ್ರೋತೃಗಳು ಮಾತ್ರ ಎದ್ದು ಕೂತು ಪೂರ್ತಿ ಭಾಷ್ಯ ಬರೆದರು.

ಎಲ್‌ಪಿ ಮಗ್ಗುಲು ಬದಲಿಸಿತು, ಅತ್ತೆಯೂ ಬದಲಿಸಿದರು. ಆ ಬದಿಯ ತುಂಬ ಒಂದೇ ಹಾಡು, ‘ಎಕೋಸ್’, 23 ನಿಮಿಷ 31 ಸೆಕೆಂಡು. ಆರಂಭದಲ್ಲಿ ‘ಟಿಂಗ್’ ಎಂಬ ಏಕಾಂಗಿ ನಾದ. ತಂಡದ ಕೀಬೋರ್ಡ್‌ವಾದಕ ರಿಕ್ ರೈಟ್ ಪಿಯಾನೋದ ಒಂದು ಸ್ವರವನ್ನು ತಿರುಗುವ ಲೆಸ್ಲಿ ಸ್ಪೀಕರಿನಿಂದ ಹಾಯಿಸಿ ತೆಗೆದದ್ದು. “ಲಿಫ್ಟ್ ಆವಿ ಗಯಿ” ಎಂದು ಬೆನ್ ಎದ್ದರು. ಲಿಫ್ಟ್ ಬಂದಿರಲಿಲ್ಲ, ಕೂತರು. ಇನ್ನೊಂದು ಟಿಂಗ್, ಮತ್ತೆ ಎದ್ದರು. ನಡುವೆ ಕಡಲಹಕ್ಕಿಯಂಥ ಚೀರಾಟ: ಗಿಲ್ಮೋರನ ವಾ-ವಾ ಪೆಡಲಿಗೆ ತಂತಿಗಳನ್ನು ಉಲ್ಟಾ ಸಿಕ್ಕಿಸಿದ್ದರಿಂದ ಹುಟ್ಟಿದ ಶಬ್ದ. ಇದನ್ನು ವಿವರಿಸುತ್ತಿರುವಾಗ ಹೆಂಡತಿ ಮೇಲೆ ನೋಡಿ, “ಆ ಫ್ಯಾನಿಗೆ ಎಣ್ಣೆ ಬಿಡಿ ಅಂತ ಎಷ್ಟು ಸಲ ಹೇಳೋದು ನಿಮಗೆ?” ಎಂದಳು. ಇಡೀ ಅಧ್ಯಯನದಲ್ಲಿ ಇಷ್ಟು ಖಚಿತವಾದ ವಿಮರ್ಶೆ ಇನ್ನೊಂದು ಸಿಗಲಿಲ್ಲ.

ಈ ಕೃತಿ ರಚನೆಯಾಗುವಾಗ ಅದರ ತುಣುಕುಗಳಿಗೆ ‘ನಥಿಂಗ್’ ಎಂದು ಹೆಸರಿಟ್ಟು 1ರಿಂದ 24ರವರೆಗೆ ಅಂಕಿ ಹಾಕಿದ್ದರಂತೆ. ಶೂನ್ಯಕ್ಕೆ ಕ್ರಮಸಂಖ್ಯೆ! ಅಲ್ಲಮನ ನಾಡಿನವರಾದ ನಾವು ಇದಕ್ಕೆ ಬೆಚ್ಚಬೇಕಿಲ್ಲ ಎಂದು ಪ್ರಬಂಧಕಾರ ಘೋಷಿಸಿದ. ಕೇಳಿಸಿಕೊಳ್ಳಲು ಮಗ ಇರಲಿಲ್ಲ.

ಉಳಿದದ್ದು ಅತ್ತೆಯ ಸಾಕ್ಷ್ಯ. 1975ರ ಆಗಸ್ಟಿನಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತೋರಿಸಿದ ‘ಸೈಟ್’ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳೂ ಇದ್ದವು. ಕಾರ್ಯಕ್ರಮಗಳು ಉಪಗ್ರಹಕ್ಕೆ ಏರುತ್ತಿದ್ದದ್ದು ಮುಖ್ಯವಾಗಿ ಇದೇ ಅಹಮದಾಬಾದಿನಿಂದ. ಆಗ ಅತ್ತೆಗೆ ಹತ್ತೋ ಹನ್ನೊಂದೋ. ಶಾಲೆಯ ಮುಂದೆ ಜಾಲರಿಯ ದೊಡ್ಡ ಛತ್ರಿ, ಒಳಗೆ ಟೀವಿ, ಎದುರಿಗೆ ಇಡೀ ಊರು. ಚಿತ್ರ ಬರುವ ತನಕ ಬರೀ ಸೊಂಯ್ ಎನ್ನುವ ಸದ್ದು, ಬಿಳಿ ಚುಕ್ಕಿ. ಅಷ್ಟಕ್ಕೇ ಕಣ್ಣು ಮಿಟುಕಿಸದೆ ಕೂತಿರುತ್ತಿದ್ದರಂತೆ.

‘ಎಕೋಸ್’ನ ಕೊನೆಯಲ್ಲಿ ದನಿಗಳು ಮೇಲೇರುತ್ತ ಏರುತ್ತ ಗಾಳಿಯಲ್ಲಿ ಕರಗುತ್ತವೆ. ಆಗ ಅತ್ತೆ ಕಣ್ಣು ಬಿಟ್ಟು, ಸೆರಗು ಸರಿಮಾಡಿಕೊಂಡು, ಸ್ಪೀಕರಿನ ಕಡೆಗೆ ನೆಟ್ಟಗೆ ಕೂತರು.

“ಇನ್ನಾ ಚಾಲೂ ಆಗಿಲ್ಲೇನ್ರಿ?”